ಸಾಫ್ಟ್‌ವೇರಿನ ಪಹಣಿ ಯಾರ ಹೆಸರಿನಲ್ಲಿದೆ?

ಹೋದ ವರ್ಷ ಒಂದು ಸರ್ಕಾರಿ ಪಿಯು ಕಾಲೇಜಿಗೆ ಹೋಗಿದ್ದೆವು. ಕನ್ನಡ ವಿಕಿಪೀಡಿಯಾದಲ್ಲಿ ತಮ್ಮ ಊರಿನ ಬಗ್ಗೆ ಬರೆಯುವುದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡುವ ಅರ್ಧ ದಿನದ ಕಾರ್ಯಕ್ರಮ. ವಿಕಿಪೀಡಿಯಾ ಓದಲು ದುಡ್ಡಿಲ್ಲ, ಬರೆಯಲು ದುಡ್ಡಿಲ್ಲ, ಅದನ್ನು ನಡೆಸುವ ಸಾಫ್ಟ್‌ವೇರ್ ಕೂಡ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್, ಅದಕ್ಕೆ ಇಂಥದ್ದು ಅಂತ ಒಂದು ಲೈಸೆನ್ಸ್ ಇರುತ್ತದೆ ಎಂದು ನಮ್ಮ ತಂಡದ ಗೆಳತಿ ವಿವರಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ದುಡ್ಡೇ ಕೊಡಬೇಕಾಗಿಲ್ಲ ಅಂದ್ಮೇಲೆ ಲೈಸೆನ್ಸ್ ಯಾಕೆ ಬೇಕು?"

ಏನೋ ಒಂದು ಉತ್ತರ ಕೊಟ್ಟೆವು. ಸಂಜೆ ಬಸ್ಸಿನಲ್ಲಿ ಬರುವಾಗ ಆ ಉತ್ತರ ನಮಗೇ ಸಮಾಧಾನ ತಂದಿರಲಿಲ್ಲ. ಅವಳಿಗೆ ಬಾಕಿ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಕಂಪ್ಯೂಟರ್ ಕಲಿತವರ ವಿಷಯ, ನಮಗ್ಯಾಕೆ ಅನ್ನಬೇಡಿ. ನಮ್ಮ ಹಳ್ಳಿಗಳಲ್ಲಿ ಪಹಣಿ, ಜಿಪಿಎ, ಪಾಲುಪಟ್ಟಿ ಕಂಡವರಿಗೆ ಈ ಕಥೆ ಪೇಟೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಪುಕ್ಕಟೆ ಬೇರೆ, ಹಕ್ಕು ಬೇರೆ

ಪಕ್ಕದ ಹೊಲದವರು ತಮ್ಮ ಬದುವಿನ ಮೇಲೆ ಓಡಾಡಲು ನಿಮಗೆ ಬಿಟ್ಟಿದ್ದಾರೆ ಅಂದುಕೊಳ್ಳಿ. ಇಪ್ಪತ್ತು ವರ್ಷದಿಂದ ಗಾಡಿ ಹೊಡೆಯುತ್ತಿದ್ದೀರಿ, ಯಾರೂ ಒಂದು ಮಾತು ಕೇಳಿಲ್ಲ. ಒಂದು ದಿನ ಅವರ ಮಗ ಬಂದು ತಂತಿಬೇಲಿ ಹಾಕುತ್ತಾನೆ. ಆಗ ಪ್ರಶ್ನೆ ಏಳುತ್ತದೆ: ಆ ದಾರಿ ನಕಾಶೆಯಲ್ಲಿ ಇತ್ತೋ, ಅಥವಾ ಅವರ ತಂದೆಯ ಒಳ್ಳೆಯತನದ ಮೇಲೆ ನಡೆಯುತ್ತಿತ್ತೋ?

ಸಾಫ್ಟ್‌ವೇರ್ ಲೈಸೆನ್ಸ್ ಅಂದರೆ ಆ ನಕಾಶೆ. ಸಾಫ್ಟ್‌ವೇರ್ ಬರೆದ ಸಾಲುಗಳಿಗೆ ಸೋರ್ಸ್ ಕೋಡ್ ಅನ್ನುತ್ತಾರೆ. ಕಥೆ ಬರೆದವರಿಗೆ ಕಥೆಯ ಹಕ್ಕು ಇರುವಂತೆ, ಕೋಡ್ ಬರೆದವರಿಗೆ ಅದರ ಹಕ್ಕು ಇರುತ್ತದೆ. ಅವರು ಬರವಣಿಗೆಯಲ್ಲಿ ಅನುಮತಿ ಕೊಡದ ಹೊರತು ಬೇರೆಯವರು ಅದನ್ನು ನಕಲು ಮಾಡುವಂತಿಲ್ಲ, ತಿದ್ದುವಂತಿಲ್ಲ. ಓಪನ್ ಸೋರ್ಸ್ ಲೈಸೆನ್ಸ್ ಎಂಬುದು ಎಲ್ಲರಿಗೂ ಕೊಟ್ಟ ಅಂಥ ಅನುಮತಿ: ಬಳಸಿ, ಒಳಗೆ ಏನಿದೆ ನೋಡಿ, ತಿದ್ದಿ, ಹಂಚಿ, ಬೇಕಾದರೆ ಮಾರಿ. ಇದರಲ್ಲಿ ಕಡಿಮೆ ಷರತ್ತಿನವೂ ಇವೆ, ಬಿಗಿ ಷರತ್ತಿನವೂ ಇವೆ. "ತಿದ್ದಿ ಬೇರೆಯವರಿಗೆ ಕೊಟ್ಟರೆ, ತಿದ್ದಿದ ಕೋಡನ್ನೂ ಇದೇ ಹಕ್ಕುಗಳ ಸಮೇತ ಕೊಡಬೇಕು" ಎನ್ನುವುದು ಬಿಗಿ ಷರತ್ತು.

ಹಾಗಾದರೆ ಬರವಣಿಗೆಯಲ್ಲಿ ಕೊಟ್ಟ ಮೇಲೂ ಕಂಪನಿಗಳು ಬೇಲಿ ಹಾಕುವುದು ಹೇಗೆ? ಇದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇವೆ. ಅದರ ಒಂದು ತುದಿ ಕನ್ನಡ ವಿಕಿಪೀಡಿಯಾದ ಹುಡುಕಾಟದ ಪೆಟ್ಟಿಗೆಯಲ್ಲೇ ಇದೆ.

ಎಲಾಸ್ಟಿಕ್‌ಸರ್ಚ್ ಕಥೆ

ಶೇ ಬ್ಯಾನನ್ ಎಂಬ ಇಸ್ರೇಲಿನ ಸಾಫ್ಟ್‌ವೇರ್ ಬರಹಗಾರ, ಅಡುಗೆ ಕಲಿಯುತ್ತಿದ್ದ ತನ್ನ ಹೆಂಡತಿಗೆ ಅಡುಗೆ ವಿಧಾನಗಳನ್ನು ಹುಡುಕಲು ಅನುಕೂಲವಾಗಲಿ ಅಂತ ಹುಡುಕಾಟದ ಸಾಫ್ಟ್‌ವೇರ್ ಕಟ್ಟಲು ಹೊರಟರು. ಆ ದಾರಿಯಲ್ಲಿ ಮುಂದೆ 2010ರಲ್ಲಿ ಎಲಾಸ್ಟಿಕ್‌ಸರ್ಚ್ ಹೊರಬಂತು. ರಾಶಿ ರಾಶಿ ಬರಹದೊಳಗಿಂದ ಬೇಕಾದ್ದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿ ಕೊಡುವುದು ಅದರ ಕೆಲಸ. ಅದಕ್ಕೆ ಇದ್ದದ್ದು ಅಪಾಚೆ 2.0 ಎಂಬ, ತುಂಬಾ ಸಡಿಲವಾದ ಲೈಸೆನ್ಸ್.

ಅದೂ ಬರಿಗೈಯಲ್ಲಿ ಹುಟ್ಟಿದ್ದಲ್ಲ. ಲೂಸೀನ್ ಎಂಬ ಇನ್ನೊಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಮೇಲೆ ಕಟ್ಟಿದ್ದು. ಲೂಸೀನ್ ಇರುವುದು ಅಪಾಚೆ ಫೌಂಡೇಶನ್ ಎಂಬ ಲಾಭವಿಲ್ಲದ ಸಂಸ್ಥೆಯ ಸುಪರ್ದಿನಲ್ಲಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

2012ರಲ್ಲಿ ಎಲಾಸ್ಟಿಕ್‌ಸರ್ಚ್ ಸುತ್ತ ಒಂದು ಕಂಪನಿ ಬಂತು. ಲೋಕದ ಮೂಲೆಮೂಲೆಯ ಜನ ತಪ್ಪು ತಿದ್ದಿದರು, ಹೊಸ ಸೌಲಭ್ಯ ಬರೆದರು, ಅದರ ಮೇಲೆ ತಮ್ಮ ಸಾಫ್ಟ್‌ವೇರ್ ಕಟ್ಟಿದರು. ವಿಕಿಪೀಡಿಯಾ ಕೂಡ ತನ್ನ ಹುಡುಕಾಟಕ್ಕೆ ಇದನ್ನೇ ತೆಗೆದುಕೊಂಡಿತು. ನೀವು ಕನ್ನಡ ವಿಕಿಪೀಡಿಯಾದಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹೊಡೆದಾಗ ಹಿಂದೆ ನಿಂತು ಹುಡುಕಿಕೊಡುತ್ತಿದ್ದುದು ಬಹುಕಾಲ ಈ ಸಾಫ್ಟ್‌ವೇರೇ.

2015ರಲ್ಲಿ ಅಮೆಜಾನ್ ಒಂದು ವ್ಯಾಪಾರ ಶುರು ಮಾಡಿತು. ಎಲಾಸ್ಟಿಕ್‌ಸರ್ಚನ್ನು ತನ್ನ ಕಂಪ್ಯೂಟರುಗಳಲ್ಲಿ ನಡೆಸಿ, ಬೇಕಾದವರಿಗೆ ಬಾಡಿಗೆಗೆ ಕೊಡುವುದು. ಲೈಸೆನ್ಸ್ ಇದಕ್ಕೆ ಅಡ್ಡಿ ಇರಲಿಲ್ಲ. ಆದರೆ ಎಲಾಸ್ಟಿಕ್ ಕಂಪನಿಗೂ ಇದೇ ಬಾಡಿಗೆ ವ್ಯಾಪಾರ ಬೇಕಿತ್ತು. 2018ರಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆಗೆ ಇಳಿಯಿತು. ಅದೇ ವರ್ಷ, ಅಪಾಚೆ ಲೈಸೆನ್ಸಿನಲ್ಲಿರುವ ಕೋಡಿನ ಲೈಸೆನ್ಸನ್ನು ಎಂದೂ ಬದಲಿಸುವುದಿಲ್ಲ ಎಂದು ಮಾತನ್ನೂ ಕೊಟ್ಟಿತ್ತು. 2019ರಲ್ಲಿ ತನ್ನ ಹೆಸರನ್ನು ಬಳಸಿದ್ದಕ್ಕೆ ಅಮೆಜಾನ್ ಮೇಲೆ ಕೇಸು ಹಾಕಿತು.

2021ರ ಜನವರಿಯಲ್ಲಿ ಆ ಮಾತು ಮುರಿಯಿತು. 7.11ನೇ ಆವೃತ್ತಿಯಿಂದ ಅಪಾಚೆ ಲೈಸೆನ್ಸ್ ಇರುವುದಿಲ್ಲ ಎಂದು ಕಂಪನಿ ಘೋಷಿಸಿತು. ಬದಲಿಗೆ ಕೊಟ್ಟದ್ದು ಎರಡು ಲೈಸೆನ್ಸ್. ಒಂದು ಕಂಪನಿಯದೇ. ಇನ್ನೊಂದು ಎಸ್‌ಎಸ್‌ಪಿಎಲ್. ಅದನ್ನು ಮೊಂಗೋಡಿಬಿ ಎಂಬ ಕಂಪನಿ 2018ರಲ್ಲಿ ತನ್ನ ಸಾಫ್ಟ್‌ವೇರಿಗೆ ತಂದಿತ್ತು. ಈ ಸಾಫ್ಟ್‌ವೇರನ್ನು ಸೇವೆಯಾಗಿ ಬೇರೆಯವರಿಗೆ ಒದಗಿಸಿದರೆ, ಆ ಸೇವೆ ನಡೆಸಲು ಬಳಸುವ ಉಳಿದೆಲ್ಲ ಸಾಫ್ಟ್‌ವೇರಿನ ಕೋಡನ್ನೂ ಬಹಿರಂಗ ಮಾಡಬೇಕು ಎಂಬುದು ಅದರ ಷರತ್ತು. ಯಾವುದು ಓಪನ್ ಸೋರ್ಸ್ ಲೈಸೆನ್ಸ್, ಯಾವುದು ಅಲ್ಲ ಎಂದು ಪರಿಶೀಲಿಸುವ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ, ಎಸ್‌ಎಸ್‌ಪಿಎಲ್ ಓಪನ್ ಸೋರ್ಸ್ ಅಲ್ಲ ಎಂದು ಅದೇ ತಿಂಗಳು ಸ್ಪಷ್ಟವಾಗಿ ಹೇಳಿತು.

ಜಿಪಿಎ ಬರೆದುಕೊಟ್ಟ ಜಮೀನು

ನೂರಾರು ಜನ ಸೇರಿ ಬರೆದ ಕೋಡಿನ ಲೈಸೆನ್ಸನ್ನು ಒಂದೇ ಕಂಪನಿ ಹೇಗೆ ಬದಲಿಸಿತು?

ಒಂದು ಕಾರಣ ಲೈಸೆನ್ಸಿನ ಸಡಿಲತನ. ಅಪಾಚೆ ಲೈಸೆನ್ಸಿನ ಕೋಡನ್ನು ತೆಗೆದುಕೊಂಡು, ಮೂಲದ ಹಕ್ಕಿನ ಸೂಚನೆಗಳನ್ನು ಉಳಿಸಿಕೊಂಡು, ಬಿಗಿ ಷರತ್ತಿನ ಸಾಫ್ಟ್‌ವೇರಿನೊಳಗೆ ಸೇರಿಸಲು ಯಾರಿಗೂ ಅಡ್ಡಿಯಿಲ್ಲ. ಇನ್ನೊಂದು ಕಾರಣ ಒಂದು ಸಹಿ. ಹೊರಗಿನವರು ಕೋಡ್ ಕೊಡುವ ಮೊದಲು ಕಂಪನಿ ಅವರಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಿತ್ತು. ಕೋಡಿನ ಹಕ್ಕು ಬರೆದವರದ್ದೇ, ಆದರೆ ಅದನ್ನು ಹೇಗೆ ಬೇಕಾದರೂ ಬಳಸಲು, ಬೇರೆಯವರಿಗೆ ಕೊಡಲು ಕಂಪನಿಗೆ ಪೂರ್ತಿ ಅಧಿಕಾರ.

ಇದು ನಮಗೆ ಗೊತ್ತಿರುವ ಜಿಪಿಎ. ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ, ಪಹಣಿ ತೆಗೆಸಿದರೆ ನಿಮ್ಮದೇ ಹೆಸರು ಬರುತ್ತದೆ. ಆದರೆ ಜನರಲ್ ಪವರ್ ಬರೆಸಿಕೊಂಡವನು ಬೆಂಗಳೂರಿನಲ್ಲಿ ಕೂತು ವ್ಯವಹಾರ ಮುಗಿಸುತ್ತಾನೆ. ಸಹಿ ಹಾಕುವಾಗ ಇದು ಬರೀ ಕಾಗದದ ಕೆಲಸ ಅಂದಿರುತ್ತಾರೆ. ಅಷ್ಟಕ್ಕೇ ಮೋಸ ಅನ್ನಲಾಗದು, ಸಹಿ ನಮ್ಮದೇ. ಮೋಸ ಅನ್ನಿಸುವುದು ಸಹಿಯ ಜೊತೆ ಕೊಟ್ಟ ಮಾತು ಮುರಿದಾಗ.

ಕಂಪನಿಗೆ ಸಾಧ್ಯವಾಗದ ಒಂದು ಕೆಲಸವೂ ಇತ್ತು. ಈಗಾಗಲೇ ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. 7.10ರವರೆಗಿನ ಅಪಾಚೆ ಕೋಡ್ ಇವತ್ತಿಗೂ ಎಲ್ಲರದ್ದು. ಬೇಲಿ ಬಿದ್ದದ್ದು ಮುಂದಿನ ಹೊಲಕ್ಕೆ ಮಾತ್ರ. ಲೈಸೆನ್ಸ್ ಯಾಕೆ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಬಾಯಿಮಾತಿನಲ್ಲಿ ಕೊಟ್ಟಿದ್ದು ಹೋಯಿತು, ಬರೆದು ಕೊಟ್ಟಿದ್ದು ಉಳಿಯಿತು.

ಪಾಲಾದ ಮನೆ

ಉಳಿದ ಆ ಕೋಡನ್ನು ಅಮೆಜಾನ್ ತೆಗೆದುಕೊಂಡಿತು. ಓಪನ್‌ಸರ್ಚ್ ಅಂತ ಹೊಸ ಹೆಸರಿಟ್ಟು, 2021ರ ಜುಲೈನಲ್ಲಿ ಅಪಾಚೆ ಲೈಸೆನ್ಸಿನಲ್ಲೇ ಮೊದಲ ಆವೃತ್ತಿ ತಂದಿತು. ಹೀಗೆ ಕೋಡ್ ಕವಲೊಡೆಯುವುದಕ್ಕೆ ಫೋರ್ಕ್ ಅನ್ನುತ್ತಾರೆ.

ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಮನೆ ಪಾಲಾಯಿತು. ಹೊಲ ಪಾಲಾದರೆ ಎಂಟು ಎಕರೆ ನಾಲ್ಕು ನಾಲ್ಕಾಗುತ್ತದೆ. ಕೋಡ್ ಹಾಗಲ್ಲ, ಇಬ್ಬರಿಗೂ ಎಂಟೆಂಟು ಎಕರೆ ಸಿಗುತ್ತದೆ. ಆದರೆ ಗೇಯುವ ಕೈಗಳು ಮಾತ್ರ ಅರ್ಧರ್ಧವಾಗುತ್ತವೆ. ಒಂದೇ ತಪ್ಪನ್ನು ಎರಡು ಕಡೆ ತಿದ್ದಬೇಕು. ವರ್ಷ ಕಳೆದಂತೆ ಎರಡರ ದಾರಿ ಬೇರೆಯಾಗಿ, ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಕೂಸು ಯಾರು ಗೊತ್ತೆ? ಎಲಾಸ್ಟಿಕ್‌ಸರ್ಚನ್ನು ನಂಬಿಕೊಂಡಿದ್ದ ಬೇರೆ ಓಪನ್ ಸೋರ್ಸ್ ಯೋಜನೆಗಳು. ಅವುಗಳಲ್ಲಿ ಎಷ್ಟನ್ನೋ ನಡೆಸುವುದು ಸಂಜೆ ಕೆಲಸ ಮುಗಿಸಿ ಬಂದು ಸಂಬಳವಿಲ್ಲದೆ ಕೂರುವ ಒಬ್ಬರೋ ಇಬ್ಬರೋ. ಯಾವ ಕಡೆ ಹೋಗಬೇಕು? ಎರಡಕ್ಕೂ ಹೊಂದುವಂತೆ ಬರೆಯಬೇಕೆ? ಹೊಸ ಲೈಸೆನ್ಸ್ ಓದಿ ಹೇಳಲು ವಕೀಲರು ಎಲ್ಲಿಂದ ಬರಬೇಕು? ಅದೇ 2021ರಲ್ಲಿ ಎಲಾಸ್ಟಿಕ್ ಇನ್ನೊಂದು ಕೆಲಸ ಮಾಡಿತು. ಬೇರೆ ಸಾಫ್ಟ್‌ವೇರುಗಳು ಎಲಾಸ್ಟಿಕ್‌ಸರ್ಚಿನ ಜೊತೆ ಮಾತಾಡಲು ಬಳಸುವ ಕೊಂಡಿ ಕೋಡಿನಲ್ಲಿ, ಆ ಕಡೆ ಇರುವುದು ತನ್ನ ಅಸಲಿ ಸಾಫ್ಟ್‌ವೇರೇ ಎಂದು ನೋಡಿ, ಅಲ್ಲದಿದ್ದರೆ ಕೆಲಸ ನಿಲ್ಲಿಸುವ ಪರೀಕ್ಷೆ ಸೇರಿಸಿತು. ಓಪನ್‌ಸರ್ಚಿಗೆ ಹೋಗಿದ್ದವರು ಹೊಸ ಕೊಂಡಿಯನ್ನು ಹಾಕಿಕೊಂಡ ಕೂಡಲೇ ಅವರ ಕೆಲಸ ನಿಂತಿತು.

ವಿಕಿಪೀಡಿಯಾ ನಡೆಸುವ ವಿಕಿಮೀಡಿಯಾ ಸಂಸ್ಥೆ ಓಪನ್ ಸೋರ್ಸ್ ಅನ್ನೇ ನಂಬಿ ನಡೆಯುವಂಥದ್ದು. ಅದು ಹೊಸ ಲೈಸೆನ್ಸಿನ ಆವೃತ್ತಿಗೆ ಹೋಗದೆ ಹಳೆಯ ಮುಕ್ತ ಆವೃತ್ತಿಯಲ್ಲೇ ವರ್ಷಗಟ್ಟಲೆ ನಿಂತು, ಆಮೇಲೆ ಓಪನ್‌ಸರ್ಚಿಗೆ ಬದಲಾಯಿತು. ನಿಮಗೆ ಇದು ಗೊತ್ತೇ ಆಗಲಿಲ್ಲ. ಯಾಕೆಂದರೆ ಅಲ್ಲಿ ಸಂಬಳ ಪಡೆದು ಈ ಕೆಲಸ ಮಾಡುವ ಎಂಜಿನಿಯರುಗಳಿದ್ದಾರೆ. ಅಂಥವರಿಲ್ಲದ ಸಣ್ಣ ಯೋಜನೆಗಳಿಗೆ ಎಷ್ಟು ರಾತ್ರಿಗಳ ನಿದ್ದೆ ಹೋಯಿತೋ, ಅದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಕಂಪನಿಯ ಮಾತಿನಲ್ಲೂ ನ್ಯಾಯವಿದೆ

ಇಲ್ಲಿಗೆ ನಿಲ್ಲಿಸಿ ಕಂಪನಿಯನ್ನು ಬೈದರೆ ನಾವು ಪತ್ರಿಕೋದ್ಯಮ ಓದಿದ್ದು ದಂಡ. ಅವರ ಕಡೆಯಿಂದಲೂ ನೋಡಬೇಕು.

ಅವರು ವರ್ಷಗಟ್ಟಲೆ ಸಂಬಳ ಕೊಟ್ಟು ಎಂಜಿನಿಯರುಗಳನ್ನು ಇಟ್ಟು ಬೆಳೆಸಿದ ಸಾಫ್ಟ್‌ವೇರ್. ಬೆಳೆ ಬಂದಾಗ ಲೋಕದ ಅತಿ ದೊಡ್ಡ ಕಂಪನಿಯೊಂದು ಬಂದು ಅದನ್ನೇ ಬಾಡಿಗೆಗೆ ಬಿಟ್ಟು ಗಳಿಸುತ್ತದೆ. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಬಿತ್ತಿದವನ ಹೊಟ್ಟೆ ಉರಿಯದೆ ಇರುತ್ತದೆಯೆ? ರಾಗಿ ಬೆಳೆದವನಿಗಿಂತ ರಾಗಿ ಹಿಟ್ಟನ್ನು ಚಂದದ ಪೊಟ್ಟಣದಲ್ಲಿ ಮಾರಿದವನು ಹೆಚ್ಚು ಗಳಿಸುವುದನ್ನು ನಾವು ದಿನಾ ನೋಡುತ್ತೇವೆ. ಬಳಸುವವರು ಏನನ್ನೂ ಮರಳಿ ಕೊಡದಿದ್ದರೆ ಯಾವ ಸಾರ್ವಜನಿಕ ಕೆಲಸವೂ ನಿಲ್ಲುವುದಿಲ್ಲ.

ಆದರೂ ನಮ್ಮ ಅಭಿಪ್ರಾಯ ಹೇಳುತ್ತೇವೆ. ಮೊದಲ ದಿನವೇ ಬಿಗಿ ಲೈಸೆನ್ಸ್ ಇಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಬಾಗಿಲು ತೆರೆದಿಟ್ಟಿದ್ದಕ್ಕೇ ಜನ ಬಂದರು, ಜನ ಬಂದಿದ್ದಕ್ಕೇ ಹೆಸರು ಬಂತು, ಹೆಸರಿನಿಂದ ಬಂಡವಾಳ ಬಂತು. ಇಷ್ಟೆಲ್ಲ ಆದ ಮೇಲೆ ಬಾಗಿಲು ಹಾಕುವುದು ಅಮೆಜಾನಿಗೆ ಹೊಡೆದ ಏಟಾದರೂ, ಬಿದ್ದದ್ದು ಹಗ್ಗ ಎಳೆಯಲು ಬಂದ ಎಲ್ಲರ ಬೆನ್ನಿಗೆ. ಕಂಪನಿ ತಾನೇ ನಿಂತಿದ್ದುದು ಲೂಸೀನ್ ಎಂಬ, ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ ಜಾಗದ ಮೇಲೆ ಎಂಬುದನ್ನೂ ಮರೆಯುವಂತಿಲ್ಲ. ಆ ಜಾಗಕ್ಕೆ ಯಾರಾದರೂ ಬೇಲಿ ಹಾಕಿದ್ದರೆ ಎಲಾಸ್ಟಿಕ್ ಹುಟ್ಟುತ್ತಲೇ ಇರಲಿಲ್ಲ.

2024ರ ಆಗಸ್ಟ್‌ನಲ್ಲಿ ಎಲಾಸ್ಟಿಕ್ ಮತ್ತೆ ಒಂದು ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿತು. ಅದು ಎಜಿಪಿಎಲ್. ಸಾಫ್ಟ್‌ವೇರನ್ನು ತಿದ್ದಿ ಇಂಟರ್‌ನೆಟ್ಟಿನಲ್ಲಿ ಸೇವೆಯಾಗಿ ಕೊಟ್ಟರೂ ತಿದ್ದಿದ ಕೋಡನ್ನು ಬಳಕೆದಾರರಿಗೆ ಕೊಡಬೇಕು ಎನ್ನುವ ಲೈಸೆನ್ಸ್. ಅಮೆಜಾನ್ ತನ್ನ ಕವಲಿಗೇ ಹೋಗಿದೆ, ಹೆಸರಿನ ಗೊಂದಲ ಬಹುಮಟ್ಟಿಗೆ ತೀರಿದೆ ಎಂಬುದು ಸ್ಥಾಪಕರ ವಿವರಣೆ. ಮರುತಿಂಗಳೇ ಓಪನ್‌ಸರ್ಚ್ ಕೂಡ ಅಮೆಜಾನ್ ಕೈಯಿಂದ ಲಿನಕ್ಸ್ ಫೌಂಡೇಶನ್ ಎಂಬ ಲಾಭವಿಲ್ಲದ ಸಂಸ್ಥೆಯ ಕೆಳಗೆ ಬಂತು. ಆದರೆ ಪಾಲಾದ ಮನೆ ಒಂದಾಗಲಿಲ್ಲ. ಒಲೆ ಎರಡೇ.

ಇದು ಒಂದೇ ಮನೆಯ ಕಥೆಯೂ ಅಲ್ಲ. ಟೆರಾಫಾರ್ಮ್ ಎಂಬ ಸಾಫ್ಟ್‌ವೇರಿನ ಲೈಸೆನ್ಸ್ 2023ರ ಆಗಸ್ಟ್‌ನಲ್ಲಿ ಬದಲಾಯಿತು, ಮರುತಿಂಗಳು ಓಪನ್‌ಟೋಫು ಎಂಬ ಕವಲು ಲಿನಕ್ಸ್ ಫೌಂಡೇಶನ್ನಿಗೆ ಸೇರಿತು. ರೆಡಿಸ್ ಎಂಬುದರ ಲೈಸೆನ್ಸ್ 2024ರ ಮಾರ್ಚ್ 20ರಂದು ಬದಲಾಯಿತು, ಎಂಟೇ ದಿನದಲ್ಲಿ ವ್ಯಾಲ್ಕೀ ಎಂಬ ಕವಲು ಹುಟ್ಟಿತು. 2025ರ ಮೇನಲ್ಲಿ ರೆಡಿಸ್ ಕೂಡ ಎಜಿಪಿಎಲ್ ಸೇರಿಸಿ ವಾಪಸು ಬಂತು.

ನಿಮ್ಮ ಜೇಬಿನಲ್ಲಿರುವ ಪಹಣಿ

ಹಾಗಾದರೆ ಎಲ್ಲ ಓಪನ್ ಸೋರ್ಸ್ ಗತಿಯೂ ಇಷ್ಟೇನಾ? ಅಲ್ಲ. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರ ತಳದಲ್ಲಿ ಲಿನಕ್ಸ್ ಇದೆ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಶುರು ಮಾಡಿದ್ದು. 1992ರಿಂದ ಅದು ಜಿಪಿಎಲ್ ಎಂಬ ಬಿಗಿ ಲೈಸೆನ್ಸಿನಲ್ಲಿದೆ. ಅದಕ್ಕೆ ಕೋಡ್ ಕೊಟ್ಟವರು ಸಾವಿರಾರು ಜನ. ಅವರಲ್ಲಿ ಯಾರೂ ಯಾರಿಗೂ ಜಿಪಿಎ ಬರೆದುಕೊಟ್ಟಿಲ್ಲ. ಅವರವರ ಸಾಲಿನ ಹಕ್ಕು ಅವರವರದ್ದು, ಇಲ್ಲವೇ ಅವರಿಗೆ ಸಂಬಳ ಕೊಟ್ಟ ಕಂಪನಿಗಳದ್ದು. ಲೈಸೆನ್ಸ್ ಬದಲಿಸಬೇಕೆಂದರೆ ಅಷ್ಟೂ ಖಾತೆದಾರರ ಒಪ್ಪಿಗೆ ಬೇಕು. ತೀರಿಕೊಂಡವರೂ ಇದ್ದಾರೆ, ಅವರ ವಾರಸುದಾರರನ್ನು ಹುಡುಕಬೇಕು. ನೂರೆಂಟು ಜನ ವಾರಸುದಾರರಿರುವ ಜಂಟಿ ಖಾತೆ ಜಮೀನನ್ನು ಮಾರಲು ಹೊರಟವರನ್ನು ಕೇಳಿ ನೋಡಿ, ಎಷ್ಟು ಕಷ್ಟ ಅಂತ. ನಮ್ಮ ಊರಲ್ಲಿ ತಲೆನೋವಾದ ಆ ಜಂಟಿ ಖಾತೆಯೇ ಲಿನಕ್ಸಿಗೆ ಕಾವಲು.

ಲಿನಕ್ಸ್ ಕೂಡ ಒಮ್ಮೆ ಪೆಟ್ಟು ತಿಂದೇ ಕಲಿತದ್ದು. ಇಷ್ಟು ಜನರ ಕೋಡನ್ನು ಜೋಡಿಸಿ ಇಡಲು 2002ರಿಂದ ಅದು ಬಿಟ್‌ಕೀಪರ್ ಎಂಬ ಕಂಪನಿ ಸಾಫ್ಟ್‌ವೇರ್ ಬಳಸುತ್ತಿತ್ತು. ಕಂಪನಿ ಪುಕ್ಕಟೆ ಕೊಟ್ಟಿತ್ತು, ಆದರೆ ಓಪನ್ ಸೋರ್ಸ್ ಆಗಿರಲಿಲ್ಲ. 2005ರಲ್ಲಿ ಜಗಳವಾಗಿ ಪುಕ್ಕಟೆ ಅನುಮತಿ ನಿಂತಿತು. ಇಲ್ಲಿ ಕವಲೊಡೆಯಲು ಕೈಯಲ್ಲಿ ಕೋಡೇ ಇರಲಿಲ್ಲ. ಟೊರ್ವಾಲ್ಡ್ಸ್ ಕೂತು ಮೊದಲಿಂದ ಹೊಸದನ್ನು ಬರೆದರು. ಅದೇ ಗಿಟ್. ಇವತ್ತು ಲೋಕದ ಬಹುಪಾಲು ಸಾಫ್ಟ್‌ವೇರ್ ಬರಹಗಾರರು ಬಳಸುವುದು ಅದನ್ನೇ. ಆದರೆ ಪ್ರತಿ ಊರಿಗೂ ಒಬ್ಬ ಟೊರ್ವಾಲ್ಡ್ಸ್ ಇರುವುದಿಲ್ಲ.

ನಾವು ಕೇಳಬೇಕಾದ್ದು

ನಮ್ಮ ಊರುಗಳಿಗೂ ಸಾಫ್ಟ್‌ವೇರ್ ಬಂದಿದೆ. ಹಾಲಿನ ಸೊಸೈಟಿಯ ಲೆಕ್ಕ, ಸ್ವಸಹಾಯ ಸಂಘದ ಪುಸ್ತಕ, ಶಾಲೆಯ ಹಾಜರಿ, ರೈತ ಕಂಪನಿಯ ದಾಸ್ತಾನು. ಮಾರಲು ಬರುವವರು ಹೇಳುವ ಮೊದಲ ಮಾತು "ಫ್ರೀ ಸಾರ್". ಓಪನ್ ಸೋರ್ಸ್ ಎಂಬ ಮಾತೂ ಈಗ ಅವರ ಬಾಯಲ್ಲಿದೆ. ನಮ್ಮ ತಂಡವೇ ಒಂದು ಪುಕ್ಕಟೆ ಸೇವೆಯಲ್ಲಿ ಹಿರಿಯರ ಸಂದರ್ಶನಗಳ ಧ್ವನಿಮುದ್ರಣ ಇಟ್ಟಿದ್ದೆವು. ಪುಕ್ಕಟೆ ಯೋಜನೆ ಮುಚ್ಚುತ್ತೇವೆ ಎಂದು ಬಂದ ಮೇಲನ್ನು ನಾವು ಓದುವಷ್ಟರಲ್ಲಿ ಗಡುವು ಮುಗಿದಿತ್ತು. ಮಾತಾಡಿದ್ದ ಹಿರಿಯರಲ್ಲಿ ಇಬ್ಬರು ಈಗಿಲ್ಲ. ಪಾಠಕ್ಕೆ ನಾವು ಕೊಟ್ಟ ಬೆಲೆ ಅದು.

ಆದ್ದರಿಂದ ನಾಲ್ಕು ಪ್ರಶ್ನೆ ಕೇಳಿ. ಇದರ ಹಕ್ಕು ಒಂದೇ ಕಂಪನಿಯ ಕೈಯಲ್ಲಿದೆಯೋ, ಹಲವರಲ್ಲಿ ಹಂಚಿದೆಯೋ, ಫೌಂಡೇಶನ್ ಕೆಳಗಿದೆಯೋ? ಕೋಡ್ ಕೊಟ್ಟವರಿಂದ ಜಿಪಿಎಯಂಥ ಒಪ್ಪಂದ ಬರೆಸಿಕೊಳ್ಳುತ್ತಾರೋ? ಈ ಕಂಪನಿ ಬಿಟ್ಟುಹೋದರೆ ಇದನ್ನು ನಡೆಸಬಲ್ಲವರು ಬೇರೆ ಯಾರಿದ್ದಾರೆ? ನಮ್ಮ ಲೆಕ್ಕ, ನಮ್ಮ ಬರಹವನ್ನು ಇನ್ನೊಂದು ಸಾಫ್ಟ್‌ವೇರ್ ಓದುವ ರೂಪದಲ್ಲಿ ಹೊರತೆಗೆಯಬಹುದೋ? ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಫೈಲು ತೆರೆದು, ಅಕ್ಷರದ ಬದಲು ಗೀಚು ಕಂಡವರಿಗೆ ಈ ಕೊನೆಯ ಪ್ರಶ್ನೆಯ ಬೆಲೆ ಗೊತ್ತು.

ಇನ್ನೊಂದು ಪ್ರಶ್ನೆ ನಮಗೆ ನಾವೇ ಕೇಳಿಕೊಳ್ಳುವುದು: ಬಳಸುವ ನಾವು ಏನು ಕೊಟ್ಟಿದ್ದೇವೆ? ಸೊಸೈಟಿಗೆ ಹಾಲು ಹಾಕದೆ ಬೋನಸ್ ಮಾತ್ರ ಕೇಳುವವರನ್ನು ಯಾರೂ ಮೆಚ್ಚುವುದಿಲ್ಲ. ಕೋಡ್ ಬರೆಯಲು ಬಾರದಿದ್ದರೆ ಕನ್ನಡಕ್ಕೆ ಅನುವಾದ ಮಾಡಬಹುದು, ತಪ್ಪು ಕಂಡಾಗ ತಿಳಿಸಬಹುದು, ಸಂಘದ ವತಿಯಿಂದ ವರ್ಷಕ್ಕೆ ಒಂದಿಷ್ಟು ಹಣ ಕೊಡಬಹುದು. ಹಲವರು ಸ್ವಲ್ಪ ಸ್ವಲ್ಪ ಕೊಟ್ಟ ಕಡೆ ಒಬ್ಬನೇ ಧಣಿ ಬೇಕಾಗುವುದಿಲ್ಲ.

ಆ ಹುಡುಗಿಗೆ ನಾವು ಹೇಳಬೇಕಿದ್ದ ಉತ್ತರ ಇದು. ನೋಡಮ್ಮ, ದುಡ್ಡು ಕೊಟ್ಟು ಕೊಂಡಿದ್ದಕ್ಕೆ ರಸೀದಿ ಇರುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ರಸೀದಿ ಇಲ್ಲ, ಅದಕ್ಕೇ ಲೈಸೆನ್ಸ್ ಬೇಕು. ಅದನ್ನು ಓದು. ಓದಿ ಮುಗಿಸಿದ ಮೇಲೆ, ಅದನ್ನು ಬದಲಿಸುವ ಪೆನ್ನು ಎಷ್ಟು ಜನರ ಕೈಯಲ್ಲಿದೆ ಅಂತಲೂ ನೋಡು.